ನನ್ನ ಸ್ಕ್ರೂಡ್ರೈವರ್, ಅವನ ಕೈಗುಣ

ಕಂಪ್ಯೂಟರ್ ರಿಪೇರಿಗೆ ಹೊಸದಾಗಿ ಸೇರುವ ಹುಡುಗ ಹುಡುಗಿಯರಿಗೆ ಉಪಯೋಗವಾಗುವಂಥ ನಾಲ್ಕು ಮಾತು ಬರೆದುಕೊಡು ಎಂದು ನಮ್ಮ ಅಂಗಡಿಯ ಯಜಮಾನರು ಫೋನ್ ಮಾಡಿದರು. ನಾನು ಮೊದಲು ಕೇಳಿದ್ದು, ನನ್ನ ಜೊತೆಗೇ ಕೆಲಸ ಮಾಡಿದ ದಾದಾಪೀರನನ್ನೂ ಕೇಳಿದ್ದೀರಾ ಎಂದು.

“ಮೊದ್ಲು ಅವ್ನಿಗೇ ಕೇಳ್ದೆ ಕಣಪ್ಪ ತಿಪ್ಪೇಸ್ವಾಮಿ. ಅವ್ನಿಗೆ ಪುರುಸೊತ್ತಿಲ್ಲಂತೆ. ರಿಟೈರಾದ್ರೂ ಜನ ಬಿಡ್ಬೇಕಲ್ಲ” ಅಂದರು.

ಇದರಿಂದ ನನಗೆ ಎರಡು ವಿಷಯ ತಿಳಿಯಿತು. ಒಂದು, ಇಲ್ಲಿಯೂ ನಾನು ಎರಡನೆಯವನು. ಇನ್ನೊಂದು, ನನ್ನನ್ನು ಜನ ಬಿಟ್ಟಿದ್ದಾರೆ. ಆದರೂ ಬರೆಯಲು ಕೂತೆ. ಬರವಣಿಗೆಯಲ್ಲಾದರೂ ಅವನು ಅಡ್ಡ ಬರುವುದಿಲ್ಲವಲ್ಲ ಎಂಬ ಆಸೆ.

ನಾನು ಕೆಲಸ ಮಾಡಿದ್ದು ಚಿತ್ರದುರ್ಗದ ಒಂದೇ ಅಂಗಡಿಯಲ್ಲಿ. ಕಂಪ್ಯೂಟರ್ ಮಾರುವುದು, ಮಾರಿದ್ದು ಕೆಟ್ಟಾಗ ಹೋಗಿ ರಿಪೇರಿ ಮಾಡುವುದು. ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಎಲ್ಲವೂ ನಮ್ಮ ಸರಹದ್ದು. ಬಡ್ತಿಗಳ ಬಗ್ಗೆ ಬರೆಯುವಂಥದ್ದೇನೂ ಇಲ್ಲ. ಸೇರುವಾಗ ಸರ್ವಿಸ್ ಎಂಜಿನಿಯರ್ ಅಂದರು, ಬಿಡುವಾಗ ಸೀನಿಯರ್ ಸರ್ವಿಸ್ ಎಂಜಿನಿಯರ್ ಅಂದರು. ನಡುವೆ ತಲೆಗೂದಲು ಹೋಯಿತು, ಅಷ್ಟೆ.

ಈ ಕೆಲಸಕ್ಕೆ ಬರುವವರು ಮೊದಲು ತಿಳಿಯಬೇಕಾದ ಶಬ್ದ ರ‍್ಯಾಮ್ ಅಲ್ಲ, ಮದರ್‌ಬೋರ್ಡ್ ಅಲ್ಲ. ಕೈಗುಣ. ನಮ್ಮ ಕಡೆ ಡಾಕ್ಟರಿಗೆ ಓದು ಎಷ್ಟಿದೆ ಎಂದು ಯಾರೂ ಕೇಳುವುದಿಲ್ಲ, ಕೈಗುಣ ಹೇಗಿದೆ ಎಂದು ಕೇಳುತ್ತಾರೆ. ಹೆರಿಗೆ ಮಾಡಿಸುವವಳಿಗೆ, ಬಾವಿಗೆ ಜಾಗ ತೋರಿಸುವವನಿಗೆ, ಬೀಜ ಹಾಕುವವನಿಗೆ, ಎಲ್ಲರಿಗೂ ಕೈಗುಣ ಬೇಕು. ಕಂಪ್ಯೂಟರ್ ಬಂದಾಗ ಈ ಶಬ್ದ ಇಲ್ಲಿಗೆ ನಿಲ್ಲುತ್ತದೆ ಅಂದುಕೊಂಡಿದ್ದೆ. ನಿಲ್ಲಲಿಲ್ಲ. ನಮ್ಮ ಅಂಗಡಿಗೆ ಫೋನ್ ಮಾಡುತ್ತಿದ್ದವರು ಏನು ಕೆಟ್ಟಿದೆ ಎಂದು ಹೇಳುವ ಮೊದಲೇ, “ದಾದಾಪೀರಣ್ಣನ್ನ ಕಳ್ಸ್ರಿ, ಅವ್ರ ಕೈಗುಣ ಚೆನ್ನಾಗೈತೆ” ಅನ್ನುತ್ತಿದ್ದರು.

ನನ್ನ ಇಡೀ ಸರ್ವಿಸಿನಲ್ಲಿ ಯಾರ ಬಾಯಿಂದಲೂ ನನ್ನ ಬಗ್ಗೆ ಆ ಮಾತು ಬಂದಿರಲಿಲ್ಲ. “ತಿಪ್ಪೇಸ್ವಾಮಿಯೋರು ಕೆಲ್ಸದಾಗೆ ಅಚ್ಚುಕಟ್ಟು” ಅನ್ನುತ್ತಿದ್ದರು. “ಹೇಳಿದ ಟೈಮಿಗೆ ಬರ್ತಾರೆ” ಅನ್ನುತ್ತಿದ್ದರು. ಊಟಕ್ಕೆ ಕರೆದು ಉಪ್ಪಿನಕಾಯಿ ಬಡಿಸಿ ಕಳಿಸಿದ ಹಾಗೆ. ನನಗೆ ಬೇಕಾಗಿದ್ದದ್ದು ಆ ಒಂದು ಶಬ್ದ. ಅದಕ್ಕಾಗಿ ನಾನು ಎಷ್ಟು ಹೊಟ್ಟೆ ಉರಿದುಕೊಂಡೆ ಎಂಬುದೇ ಈ ಬರಹ. ನಡುನಡುವೆ ರಿಪೇರಿಯ ವಿಷಯವೂ ಬರುತ್ತದೆ, ಗಮನವಿಟ್ಟು ಓದಿ.

ದಾದಾಪೀರನೂ ನಾನೂ ಅಂಗಡಿಗೆ ಒಂದೇ ವರ್ಷ ಸೇರಿದವರು. ನಾನು ಮದಕರಿಪುರದವನು, ಮನೆಯಲ್ಲಿ ಹೊಲ, ಕುರಿ. ಪಾಲಿಟೆಕ್ನಿಕ್‌ನಲ್ಲಿ ಡಿಪ್ಲೊಮಾ ಮಾಡಿದ್ದೆ. ಅವನೂ ಅದೇ ಡಿಪ್ಲೊಮಾ, ಮಾರ್ಕ್ಸ್ ನನಗಿಂತ ಕಡಿಮೆ. ಅವರ ಮನೆತನ ಕೋಟೆ ಕಡೆ ತಲೆತಲಾಂತರದಿಂದ ಇದ್ದದ್ದು. ಗಡಿಯಾರ, ರೇಡಿಯೊ, ಟೇಪ್ ರೆಕಾರ್ಡರ್ ಎಲ್ಲ ಬಿಚ್ಚಿ ಜೋಡಿಸಿದ ಮನೆ. ಅವನ ಹೆಬ್ಬೆರಳು ಅಗಲವಾಗಿತ್ತು. ರ‍್ಯಾಮ್ ಎಂದರೆ ಬೆರಳುದ್ದದ ಹಸಿರು ಪಟ್ಟಿ, ಅದರ ಅಂಚಿಗೆ ಬಂಗಾರದ ಬಣ್ಣದ ಹಲ್ಲುಗಳು. ಬೋರ್ಡಿನ ಮೇಲಿನ ಉದ್ದನೆಯ ಸ್ಲಾಟಿನಲ್ಲಿ ಅದನ್ನು ಕೂರಿಸಿ ಒತ್ತಿದರೆ ಎರಡೂ ಬದಿಯ ಕ್ಲಿಪ್ಪು ‘ಟಕ್’ ಅಂತ ಕಚ್ಚಿಕೊಳ್ಳಬೇಕು. ನಾವೆಲ್ಲ ಎರಡೂ ಕೈಯಿಂದ ಉಸಿರು ಬಿಗಿಹಿಡಿದು ಒತ್ತುತ್ತಿದ್ದೆವು. ಅವನು ಮಾತಾಡುತ್ತ ಮಾತಾಡುತ್ತ ಒಂದೇ ಹೆಬ್ಬೆರಳಲ್ಲಿ ಟಕ್ ಅನ್ನಿಸುತ್ತಿದ್ದ.

ಅಷ್ಟಕ್ಕೆ ನಿಂತಿದ್ದರೆ ಸಹಿಸಬಹುದಿತ್ತು. ಕೆಲಸ ಮುಗಿದು ಸ್ವಿಚ್ ಒತ್ತುವ ಮೊದಲು ಅವನು ಕ್ಯಾಬಿನೆಟ್ಟಿನ ತಲೆ ಸವರಿ, “ಏಳವ್ವ ತಾಯಿ” ಅನ್ನುತ್ತಿದ್ದ. ಯಂತ್ರ ಏಳುತ್ತಿತ್ತು. ಮನೆಯವರು ಕೈ ಮುಗಿಯುತ್ತಿದ್ದರು.

“ಲೇ ದಾದು, ಇದೆಲ್ಲ ಯಾಕಲೇ? ಅದಕ್ಕೇನು ಕಿವಿ ಐತಾ?” ಎಂದು ಒಮ್ಮೆ ಕೇಳಿದೆ.

“ಅದಕ್ಕೆ ಇಲ್ಲಪ್ಪ, ಅದರ ಯಜಮಾನ್ರಿಗೆ ಐತಲ್ಲ” ಎಂದು ನಕ್ಕ.

ಹಿರಿಯೂರಿನ ಒಂದು ಲಾರಿ ಆಫೀಸಿನ ಕೇಸು ಹೇಳುತ್ತೇನೆ. ಕಂಪ್ಯೂಟರ್ ಸ್ವಲ್ಪ ಹೊತ್ತು ನಡೆದು ತಾನಾಗಿಯೇ ಆರಿಹೋಗುತ್ತಿತ್ತು. ನಾನು ಬೆಳಿಗ್ಗೆಯೇ ಹೋಗಿ ಬಿಚ್ಚಿದೆ. ಹೆದ್ದಾರಿಯ ಧೂಳೆಲ್ಲ ಒಳಗೆ ಬಂದು ಕಂಬಳಿಯ ಹಾಗೆ ಕೂತಿತ್ತು. ಪ್ರೊಸೆಸರ್ ಮೇಲಿನ ಫ್ಯಾನು ತಿರುಗಲಾರದೆ ನರಳುತ್ತಿತ್ತು, ಅದರ ಕೆಳಗೆ ಬಿಸಿ ಎಳೆಯಲು ಹಚ್ಚುವ ಪೇಸ್ಟು ಒಣಗಿ ಸುಣ್ಣವಾಗಿತ್ತು. ಬಿಸಿಯಾದಾಗ ಯಂತ್ರ ತನ್ನನ್ನು ತಾನು ಕಾಪಾಡಿಕೊಳ್ಳಲು ಆರುತ್ತಿತ್ತು. ಎಲ್ಲ ಕೆರೆದು, ಊದಿ, ಹೊಸ ಪೇಸ್ಟು ಹಚ್ಚಿ, ಫ್ಯಾನು ಕೂರಿಸಿ, ಇನ್ನೇನು ಸ್ವಿಚ್ ಒತ್ತಬೇಕು, ಅಷ್ಟರಲ್ಲಿ ದಾದಾಪೀರ್ ಬಂದ. ಅದೇ ರಸ್ತೆಯಲ್ಲಿ ಬೇರೆ ಕೆಲಸಕ್ಕೆ ಬಂದವನು, ಊಟಕ್ಕೆ ಹೋಗಾಣ ಬಾ ಎಂದು ಕರೆಯಲು ಬಂದಿದ್ದ. ಆಫೀಸಿನವರು ಅವನಿಗೆ ಕುರ್ಚಿ ಹಾಕಿದರು. ನನಗೆ ಬೆಳಿಗ್ಗೆಯಿಂದ ಹಾಕಿರಲಿಲ್ಲ. ಅವನು ಚಹಾ ಕುಡಿದು, “ಆಯ್ತಾ?” ಎಂದು ತಲೆ ಸವರಿ, “ಏಳವ್ವ ತಾಯಿ” ಎಂದು ಸ್ವಿಚ್ ಒತ್ತಿಬಿಟ್ಟ.

“ನೋಡ್ರಿ ಸಾರ್! ಇವ್ರು ಬೆಳಿಗ್ಗಿಂದ ಒದ್ದಾಡ್ತಾ ಅವ್ರೆ. ಅಣ್ಣ ಬಂದು ಬೆರಳು ಮುಟ್ಟಿಸಿದ್ದೇ ತಡ!” ಎಂದು ಗುಮಾಸ್ತ ಇಡೀ ಆಫೀಸಿಗೆ ಕೇಳುವಂತೆ ಕೂಗಿದ.

ದಾದಾಪೀರ್ “ಅರೆ, ಕೆಲ್ಸ ಮಾಡಿದ್ದು ಇವ್ನು ಕಣ್ರಿ” ಅಂದ. ಅಂದದ್ದು ನಿಜ. ಆದರೆ ಅದನ್ನು ನಗುನಗುತ್ತ ಅಂದ. ನಗುತ್ತ ಹೇಳಿದರೆ ಜನ ಅದನ್ನು ಸತ್ಯ ಅಂದುಕೊಳ್ಳುವುದಿಲ್ಲ, ದೊಡ್ಡಗುಣ ಅಂದುಕೊಳ್ಳುತ್ತಾರೆ. ಆವತ್ತು ಊಟಕ್ಕೆ ಅವನ ಜೊತೆ ಹೋದೆ, ಅವನು ಹಾಕಿಸಿದ ಎರಡನೇ ಮುದ್ದೆ ಮಾತ್ರ ಮುಟ್ಟಲಿಲ್ಲ. ಹೊಟ್ಟೆಯಲ್ಲಿ ಜಾಗ ಇರಲಿಲ್ಲ ಅಂತಲ್ಲ, ಅಲ್ಲಿ ಬೇರೆ ಏನೋ ಉರಿಯುತ್ತಿತ್ತು.

ಯಜಮಾನರಿಗೆ ದೂರು ಕೊಟ್ಟೆ. ಅವರು ಕನ್ನಡಕ ಮೇಲೆತ್ತಿ, “ಅವ್ನ ಥರ ನೀನೂ ಜನದ ಜೊತಿಗೆ ನಾಕು ಮಾತಾಡಪ್ಪ. ಮಿಶಿನ್ ಮುಖ ನೋಡಿದಂಗೆ ಮನುಷ್ಯರ ಮುಖ ನೋಡ್ತೀಯ” ಅಂದರು. ಸರಿ, ಮಾತಾಡುತ್ತೇನೆ ಎಂದು ಹಟ ಹಿಡಿದೆ.

ಮುಂದಿನ ಕೆಲಸ ಹೊಸದುರ್ಗದ ಒಬ್ಬ ಕೊಬ್ಬರಿ ವ್ಯಾಪಾರಿಯ ಮನೆಯಲ್ಲಿ. ಹೊಸ ಡಿಸ್ಕ್ ಹಾಕುವ ಸಣ್ಣ ಕೆಲಸ. ಹೋದವನೇ ದಾದಾಪೀರನ ಧಾಟಿಯಲ್ಲಿ ನಗುತ್ತ, “ಏನ್ರಿ, ಅಮ್ಮಾವ್ರು ಕಾಣಂಗಿಲ್ಲ? ಆರಾಮಾಗಿದಾರಾ?” ಎಂದು ಕೇಳಿದೆ. ವ್ಯಾಪಾರಿಯ ಮುಖ ಕೊಬ್ಬರಿಯ ಹಾಗೆ ಒಣಗಿತು. ಅವರ ಹೆಂಡತಿ ಜಗಳವಾಡಿ ತವರಿಗೆ ಹೋಗಿ ಕೂತಿದ್ದರಂತೆ. ಅದು ಊರಿಗೆಲ್ಲ ಗೊತ್ತಿತ್ತು, ದಾದಾಪೀರನಿಗೂ ಗೊತ್ತಿತ್ತು, ನನಗೆ ಗೊತ್ತಿರಲಿಲ್ಲ.

ಆ ಮುಜುಗರದಲ್ಲಿ ಬೇಗಬೇಗ ಡಿಸ್ಕ್ ಜೋಡಿಸಿ, ಕ್ಯಾಬಿನೆಟ್ಟಿನ ಹಿಂಭಾಗವನ್ನು ಬಟ್ಟೆಯಿಂದ ಒರೆಸಿದೆ. ಹಳೆಯ ಕಂಪ್ಯೂಟರುಗಳ ಹಿಂದೆ, ಕರೆಂಟಿನ ವೈರು ಚುಚ್ಚುವ ಜಾಗದ ಪಕ್ಕ, ಒಂದು ಸಣ್ಣ ಕೆಂಪು ಸ್ವಿಚ್ಚು ಇರುತ್ತಿತ್ತು. ಒಂದು ಬದಿಗಿದ್ದರೆ ನಮ್ಮ ದೇಶದ ಕರೆಂಟು, ಇನ್ನೊಂದು ಬದಿಗಿದ್ದರೆ ಅದರ ಅರ್ಧ ಕರೆಂಟಿನ ದೇಶಗಳದ್ದು. ಆ ಸ್ವಿಚ್ಚನ್ನು ನಾನು ಮುಟ್ಟಲಿಲ್ಲ, ಬಟ್ಟೆ ಮುಟ್ಟಿತು. ಅದು ಸರಿದದ್ದು ಕಾಣಲಿಲ್ಲ. ನಾನು ಧೈರ್ಯ ಮಾಡಿ ಕ್ಯಾಬಿನೆಟ್ಟಿನ ತಲೆ ಸವರಿ, ಗಂಟಲು ಸರಿಮಾಡಿಕೊಂಡು, “ಏಳವ್ವ ತಾಯಿ” ಎಂದು ಸ್ವಿಚ್ ಒತ್ತಿದೆ.

ಢಮ್ ಅಂತು. ಹಿಂದಿನಿಂದ ಹೊಗೆ ಬಂತು.

ವ್ಯಾಪಾರಿ ಹೊಗೆಯನ್ನು ನೋಡಿ, ನನ್ನನ್ನು ನೋಡಿ, “ನೀವು ಏಳವ್ವ ಅಂದ್ರಿ. ಅದು ಎದ್ದೇ ಹೋತು ನೋಡ್ರಿ” ಅಂದರು.

ಪವರ್ ಸಪ್ಲೈ ಸುಟ್ಟಿತ್ತು, ಪುಣ್ಯಕ್ಕೆ ಉಳಿದದ್ದೆಲ್ಲ ಬದುಕಿತ್ತು. ಹಳೆಯ ಯಂತ್ರ ಕೈಗೆ ಸಿಕ್ಕಾಗ ಆ ಕೆಂಪು ಸ್ವಿಚ್ಚನ್ನು ಮೊದಲು ನೋಡಿ ಎಂದು ಹೊಸಬರಿಗೆ ಹೇಳುತ್ತೇನೆ. ಇನ್ನೊಬ್ಬರ ಮಂತ್ರವನ್ನು ಸಾಲ ತರಬೇಡಿ ಎಂದೂ ಹೇಳುತ್ತೇನೆ. ಸರ್ವಿಸ್ ಮುಗಿಯುವವರೆಗೂ ಆ ಮಾತನ್ನು ನಾನು ಮತ್ತೆ ಬಾಯಲ್ಲಿ ಆಡಲಿಲ್ಲ.

ಕೆಲಸದ ರೀತಿ ಎಷ್ಟು ಬದಲಾಯಿತೆಂದರೆ ಈಗಿನವರಿಗೆ ಹೇಳಿದರೆ ಕಥೆ ಅನ್ನುತ್ತಾರೆ. ಆಗ ಫ್ಲಾಪಿ ಡಬ್ಬಿ ಹೊತ್ತು ಹೋಗುತ್ತಿದ್ದೆವು, ಅವುಗಳಲ್ಲಿ ಯಾವುದಾದರೂ ಒಂದು ಬಿಸಿಲಿಗೆ ಕೆಟ್ಟಿರುತ್ತಿತ್ತು. ವಿಂಡೋಸ್ ಹಾಕಲು ಕೂತರೆ ಮನೆಯವರ ಊಟ, ನಿದ್ದೆ, ಸಂಜೆಯ ಕಾಫಿ ಎಲ್ಲ ಮುಗಿದು ಅವರ ಮಗಳ ಮದುವೆಯ ವಿಚಾರವೂ ನಮ್ಮ ಮುಂದೆ ಬರುತ್ತಿತ್ತು. ಈಗ ಹುಡುಗರು ಪೆನ್‌ಡ್ರೈವ್ ಚುಚ್ಚಿ ಚಹಾ ಬರುವ ಮೊದಲೇ ಎದ್ದು ಹೋಗುತ್ತಾರೆ. ಯಂತ್ರ ಕೆಟ್ಟರೆ ವಿಡಿಯೋ ಮಾಡಿ ಕಳಿಸು ಅನ್ನುತ್ತಾರೆ. ಬದಲಾಗದ ಒಂದೇ ಸಾಮಾನು ರಬ್ಬರು, ಶಾಲೆ ಮಕ್ಕಳು ಪೆನ್ಸಿಲ್ ಅಳಿಸುವ ರಬ್ಬರು. ರ‍್ಯಾಮಿನ ಬಂಗಾರದ ಹಲ್ಲಿಗೆ ಕಿಲುಬು ಹಿಡಿದರೆ ಅದರಲ್ಲೇ ಉಜ್ಜಬೇಕು. ಇಂದಿಗೂ ಅದಕ್ಕಿಂತ ದೊಡ್ಡ ಔಷಧಿ ಬಂದಿಲ್ಲ.

ಇನ್ನು ಹೊಳಲ್ಕೆರೆಯ ಕೇಸು. ನಾನು ರಿಟೈರ್ ಆಗುವುದಕ್ಕೆ ಸ್ವಲ್ಪ ಮುಂಚೆ ನಡೆದದ್ದು.

ಸರೋಜಮ್ಮ ಎಂಬ ರಿಟೈರಾದ ಟೀಚರು, ಮನೆಯಲ್ಲೇ ಕಂಪ್ಯೂಟರ್ ಇಟ್ಟುಕೊಂಡು ಲಗ್ನಪತ್ರಿಕೆ ತಯಾರಿಸಿ ಪ್ರೆಸ್ಸಿಗೆ ಕೊಡುತ್ತಿದ್ದರು. ಅಕ್ಷರದಲ್ಲಿ ಒಂದು ಒತ್ತು ತಪ್ಪುತ್ತಿರಲಿಲ್ಲ, ಹಾಗಾಗಿ ಸುತ್ತಲಿನ ಮದುವೆಗಳೆಲ್ಲ ಅವರ ಮನೆ ದಾಟಿಯೇ ಹೋಗಬೇಕು. ಅವರ ಕನ್ನಡ ಸಾಫ್ಟ್‌ವೇರ್ ಬಹಳ ಹಳೆಯದು. ಅದಕ್ಕೊಂದು ಬೀಗ. ಬೆರಳಿನಷ್ಟು ದಪ್ಪದ ಆ ಬೀಗವನ್ನು ಕಂಪ್ಯೂಟರಿನ ಹಿಂದಿನ ಅಗಲವಾದ ಪ್ರಿಂಟರ್ ಕಿಂಡಿಗೆ ಸಿಕ್ಕಿಸಿದರೆ ಮಾತ್ರ ಅಕ್ಷರ ಮೂಡುತ್ತದೆ. ಈಗಿನ ಕಂಪ್ಯೂಟರಿಗೆ ಆ ಕಿಂಡಿಯೇ ಇಲ್ಲ. ಆ ಸಾಫ್ಟ್‌ವೇರ್ ಮಾಡಿದವರು ಅಂಗಡಿ ಮುಚ್ಚಿ ಎಲ್ಲಿ ಹೋದರೋ ಯಾರಿಗೂ ಗೊತ್ತಿಲ್ಲ. ಆ ಹಳೆಯ ಯಂತ್ರ ಸತ್ತರೆ ಸರೋಜಮ್ಮನವರ ಕೆಲಸವೂ ಸತ್ತಂತೆ.

ಅದು ತುಂಬ ನಿಧಾನವಾಗಿತ್ತು. ಹಾಗಾಗಿ ದಸರೆಗೆ ಮುಂಚೆ ಅದಕ್ಕೆ ಹೊಸ ರ‍್ಯಾಮ್, ಹೊಸ ಎಸ್ಎಸ್‌ಡಿ ಎಂಬ ವೇಗದ ಡಿಸ್ಕ್ ಹಾಕುವುದೆಂದಾಯಿತು. ಅವರು ದಾದಾಪೀರನನ್ನೇ ಕೇಳಿದರು, ಅವನೇ ಹೋಗಿ ಹಾಕಿ ಬಂದ. ಯಂತ್ರ ಕುದುರೆಯಾಯಿತು ಎಂದು ಅವರು ಫೋನ್ ಮಾಡಿ ಯಜಮಾನರಿಗೆ ಹೇಳಿದ್ದನ್ನು ನಾನೇ ಕೇಳಿಸಿಕೊಂಡೆ.

ಹಬ್ಬ ಮುಗಿದ ಮೇಲೆ ಮತ್ತೆ ಫೋನ್ ಬಂತು. ಈ ಸಲ ಎತ್ತಿದ್ದು ನಾನು.

“ದಾದಾಪೀರಣ್ಣ ಅದಾರಾ? ಕಂಪ್ಯೂಟರ್ ಕೀಂ, ಕೀಂ ಅಂತ ಕೂಗ್ತೈತೆ. ಪರದೆ ಮೇಲೆ ಏನೂ ಬರಂಗಿಲ್ಲ.”

ದಾದಾಪೀರ್ ತಂಗಿಯ ಮಗಳ ಮದುವೆಗೆ ದಾವಣಗೆರೆಗೆ ಹೋಗಿದ್ದ. ನಾನು ಬರುತ್ತೇನಮ್ಮ ಎಂದೆ. ಅವರು “ಆಗ್ಲಿ, ನೀವಾದ್ರೂ ಬರ್ರಿ” ಅಂದರು.

ಆ ‘ಆದ್ರೂ’ ಕೂಡ ನನಗೆ ಆವತ್ತು ನೋಯಲಿಲ್ಲ. ದಾದಾಪೀರನ ಕೈ ಮುಟ್ಟಿದ ಯಂತ್ರ ಕೆಟ್ಟಿದೆ! ಅವನು ಕೆಡಿಸಿದ್ದನ್ನು ನಾನು ಎಬ್ಬಿಸಿದರೆ ಇನ್ನೇನು ಬೇಕು? ಹೊಳಲ್ಕೆರೆ ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಸಿಕ್ಕಿತು. ಸರೋಜಮ್ಮನವರು ಕೈಗುಣ ಎಂಬ ಆ ಶಬ್ದವನ್ನು ಹೇಗೆ ಹೇಳಬಹುದು ಎಂದು ದಾರಿಯುದ್ದಕ್ಕೂ ಯೋಚಿಸುತ್ತ ಹೋದೆ.

ಅವರ ಮನೆಯ ಕಂಪ್ಯೂಟರಿಗೆ ಇನ್ನೂ ಒಣಗಿದ ಚೆಂಡುಹೂವಿನ ಹಾರ ಇತ್ತು. ಆಯುಧಪೂಜೆಯದು. ಸ್ವಿಚ್ ಒತ್ತಿದೆ. ಉದ್ದನೆಯ ಕೂಗು, ಮತ್ತೆ ಮತ್ತೆ. ಅಂದರೆ ರ‍್ಯಾಮ್ ಸಿಗುತ್ತಿಲ್ಲ ಎಂದು ಬೋರ್ಡು ದೂರುತ್ತಿದೆ. ಒಳಗೊಳಗೇ ನಕ್ಕೆ. ಹೊಂದದ ರ‍್ಯಾಮ್ ಹಾಕಿದ್ದಾನೆ, ಮಹಾರಾಯ. ಮುಚ್ಚಳ ತೆಗೆದು, ಅವನು ಹಾಕಿದ ಪಟ್ಟಿಯನ್ನು ಕಿತ್ತು, ಕನ್ನಡಕ ಹಾಕಿಕೊಂಡು ಅದರ ಲೇಬಲ್ ಓದಿದೆ. ಹೊಂದುವಂಥದ್ದೇ. ಇರಲಿ, ಪಟ್ಟಿಯೇ ಕೆಟ್ಟಿರಬಹುದು ಎಂದು ಪಕ್ಕಕ್ಕಿಟ್ಟು, ಮೊದಲಿಂದ ಇದ್ದ ಹಳೆಯ ಪಟ್ಟಿಯೊಂದನ್ನೇ ಬಿಟ್ಟು ಒತ್ತಿದೆ. ಅದೇ ಕೂಗು. ನನ್ನ ಚೀಲದಲ್ಲಿದ್ದ, ನಾನೇ ಪರೀಕ್ಷೆ ಮಾಡಿ ಇಟ್ಟುಕೊಂಡಿದ್ದ ಪಟ್ಟಿ ಹಾಕಿದೆ. ಅದೇ ಕೂಗು. ಪವರ್ ಸಪ್ಲೈ ಬದಲಿಸಿದೆ. ಬೋರ್ಡಿನ ಸಣ್ಣ ಬ್ಯಾಟರಿ ತೆಗೆದು ಹಾಕಿದೆ. ಅವನ ಎಸ್ಎಸ್‌ಡಿ ಬಿಚ್ಚಿ ಇಟ್ಟೆ. ಕೂಗು ನಿಲ್ಲಲಿಲ್ಲ.

ಬೋರ್ಡನ್ನೇ ಕೆಡಿಸಿದ್ದಾನೆ ಎಂದು ತೀರ್ಮಾನಿಸಿದೆ. ಅಗಲ ಹೆಬ್ಬೆರಳಲ್ಲಿ ಒತ್ತಿ ಒತ್ತಿ ಸ್ಲಾಟು ಸೀಳಿರಬೇಕು. ನನಗೆ ಬೇಜಾರಾಗಬೇಕಿತ್ತು. ನಿಜ ಹೇಳಬೇಕೆಂದರೆ ಹಬ್ಬದೂಟ ಮಾಡಿದಷ್ಟು ತೃಪ್ತಿಯಾಯಿತು.

“ಟೀಚರಮ್ಮ, ಬೋರ್ಡು ಹೋಗೈತೆ. ದಾದಾಪೀರ್ ಹಾಕುವಾಗ ಏನೋ ಎಡವಟ್ಟಾಗೈತೆ. ಇಂಥ ಬೋರ್ಡು ಈಗ ಎಲ್ಲೂ ಸಿಗಂಗಿಲ್ಲ” ಎಂದೆ.

ಸರೋಜಮ್ಮ ಕೂತಲ್ಲೇ ಕುಗ್ಗಿದರು. “ಹಂಗನ್ಬ್ಯಾಡ್ರಿ. ಕಾರ್ತೀಕದ ಮದ್ವೆಗಳು ಎಲ್ಲಾ ಇದ್ರಾಗೇ ಅವೆ. ನಾನು ಹುಡುಗ್ರಿಗೆ ಪಾಠ ಹೇಳೋದು ಬಿಟ್ಟ ಮೇಲೆ ನಂಗೆ ಅಂತ ಇರೋದು ಇದೊಂದೇ ಕೆಲ್ಸ. ಇನ್ನೊಂದ್ಸಲ ನೋಡ್ರಿ.”

ಅವರ ದನಿ ಕೇಳಿ ನನ್ನ ತೃಪ್ತಿ ಸ್ವಲ್ಪ ಇಳಿಯಿತು. ನೋಡುವುದಕ್ಕೆ ಏನೂ ಉಳಿದಿರಲಿಲ್ಲ. ಕೈ ಸುಮ್ಮನಿರಬಾರದೆಂದು ಚೀಲದಿಂದ ರಬ್ಬರು ತೆಗೆದು, ದಾದಾಪೀರ್ ಹಾಕಿದ್ದ ಪಟ್ಟಿಯ ಹಲ್ಲುಗಳನ್ನು ಉಜ್ಜತೊಡಗಿದೆ. ಬಿಳಿ ರಬ್ಬರು ಕೆಂಪಾಯಿತು.

ಬೆಳಕಿಗೆ ಹಿಡಿದು ನೋಡಿದೆ. ಹಲ್ಲುಗಳ ಸಂದಿಯಲ್ಲಿ ಕೆಂಪು, ಅದರ ಅಡಿಗೆ ಹಳದಿ. ಮೊದಲು ನಾನು ಲೇಬಲ್ ಓದಿದ್ದೆನೇ ಹೊರತು ಹಲ್ಲು ನೋಡಿರಲಿಲ್ಲ.

“ಟೀಚರಮ್ಮ, ಇದಕ್ಕೆ ಕುಂಕುಮ ಯಾರು ಹಚ್ಚಿದ್ದು?”

“ನಾನೇ” ಅಂದರು, ಇದರಲ್ಲಿ ಕೇಳುವುದೇನಿದೆ ಎಂಬಂತೆ. “ಆಯುಧಪೂಜೆ ಅಲ್ವಾ? ಹೊಸ ಸಾಮಾನು ಒಳಗೈತೆ, ಹೊರಗಡೆ ಡಬ್ಬಿಗೆ ಕುಂಕುಮ ಇಟ್ರೆ ಅದಕ್ಕೆ ಮುಟ್ಟೋದು ಹೆಂಗೆ? ದಾದಾಪೀರಣ್ಣ ಹಾಕುವಾಗ ನೋಡಿದ್ದೆ, ಎರಡೂ ಕಡೆ ಒತ್ತಿದ್ರೆ ಎದ್ದು ಬರ್ತೈತೆ. ತೆಗೆದು, ಬಂಗಾರ ಇದ್ದ ಕಡೀಗೆ ಅರಿಶಿಣ ಕುಂಕುಮ ಹಚ್ಚಿ, ಜಾಸ್ತಿ ಆದದ್ದು ಸೆರಗಿನಾಗೆ ಒರೆಸಿ, ಇದ್ದಂಗೇ ಕೂರಿಸ್ದೆ.”

“ಹಳೇದಕ್ಕೂ?”

“ಮತ್ತೆ? ಹೊಸದಕ್ಕೆ ಇಟ್ಟು ಹಳೇದಕ್ಕೆ ಬಿಟ್ರೆ ಅದಕ್ಕೆ ಬೇಜಾರಾಗಲ್ವಾ?”

ಅದಕ್ಕೆ ಎಷ್ಟು ಬೇಜಾರಾಗುತ್ತದೆ ಎಂಬುದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಟಾರ್ಚು ಹಿಡಿದು ಸ್ಲಾಟಿನೊಳಗೆ ಇಣುಕಿದೆ.

ಹಸಿ ಅರಿಶಿಣ ಕುಂಕುಮ ಪಟ್ಟಿಯಿಂದ ಸ್ಲಾಟಿನೊಳಗೆ ಇಳಿದು ಒಣಗಿ ಗಟ್ಟಿಯಾಗಿತ್ತು. ನಾನು ಯಾವ ಪಟ್ಟಿ ಹಾಕಿದರೂ ಅದರ ಹಲ್ಲು ಬೋರ್ಡಿಗೆ ಮುಟ್ಟುತ್ತಿರಲಿಲ್ಲ. ದಾದಾಪೀರನ ತಪ್ಪು ಒಂದು ಸಾಸಿವೆಯಷ್ಟೂ ಇರಲಿಲ್ಲ. ನನಗೆ ಎಷ್ಟು ನಿರಾಸೆಯಾಯಿತೆಂದರೆ, ಒಂದು ಲೋಟ ನೀರು ಕೇಳಿ ಕುಡಿದೆ.

ಕುಡಿದ ಮೇಲೆ ಹುರುಪು ಬಂತು. ಎಬ್ಬಿಸುವವನಂತೂ ನಾನೇ ತಾನೆ! ಸರೋಜಮ್ಮನವರ ಬಳಿ ಒಂದು ಹಾಳಾದ ಲಗ್ನಪತ್ರಿಕೆ ಕೇಳಿ ಪಡೆದು, ಆ ದಪ್ಪ ಕಾಗದವನ್ನು ಸಣ್ಣ ಪಟ್ಟಿಗಳಾಗಿ ಕತ್ತರಿಸಿ, ಸ್ಪಿರಿಟ್‌ನಲ್ಲಿ ಅದ್ದಿ, ಸ್ಲಾಟಿನೊಳಗೆ ಮೆಲ್ಲಗೆ ಆಡಿಸಿದೆ. ಕಾಗದ ಕೆಂಪಾಗಿ ಬಂತು, ಇನ್ನೊಂದು ತೆಗೆದುಕೊಂಡೆ. ಬಿಳಿಯಾಗಿ ಬರುವವರೆಗೆ ಬಿಡಲಿಲ್ಲ. ಬ್ರಷ್ಷಿನಿಂದ ಉಜ್ಜಿ, ಊದಿ, ಆರಲು ಬಿಟ್ಟೆ. ಪಟ್ಟಿಗಳ ಹಲ್ಲುಗಳನ್ನು ಕನ್ನಡಿಯಾಗುವಂತೆ ತಿಕ್ಕಿದೆ. ಎರಡೂ ಕೈಯಿಂದ ಒತ್ತಿ ಟಕ್, ಟಕ್ ಅನ್ನಿಸಿದೆ. ಬಿಚ್ಚಿಟ್ಟದ್ದನ್ನೆಲ್ಲ ಜೋಡಿಸಿದೆ. ಈ ಸಲ ಏಳುತ್ತದೆ ಎಂದು ಗೊತ್ತಿತ್ತು. ಬೆರಳು ಸ್ವಿಚ್ಚಿನ ಮೇಲಿಟ್ಟೆ.

“ತಡೀರಿ, ತಡೀರಿ” ಎಂದು ಸರೋಜಮ್ಮ ಮೊಬೈಲ್ ತೆಗೆದರು. ನಾನು ನೋಡುತ್ತಿದ್ದಂತೆ ದಾದಾಪೀರನಿಗೆ ಫೋನ್ ಹಚ್ಚಿ, ಸ್ಪೀಕರಿಗೆ ಹಾಕಿ, ಕ್ಯಾಬಿನೆಟ್ಟಿನ ಹತ್ತಿರ ಹಿಡಿದರು. ಆ ಕಡೆ ಮದುವೆ ಮನೆಯ ಗದ್ದಲ. “ಅಣ್ಣಾ, ಒಂದ್ಸಲ ಅನ್ರಿ. ನೀವು ಅನ್ನದೇ ಇದು ಏಳಂಗಿಲ್ಲ.”

“ಏಳವ್ವ ತಾಯಿ!” ಎಂದಿತು ಮೊಬೈಲು.

“ಹೂಂ, ಈಗ ಒತ್ರಿ” ಅಂದರು ನನಗೆ.

ನಾನು ಒತ್ತಿದೆ. ಒಮ್ಮೆ ಸಣ್ಣದಾಗಿ ಕೀಂ ಅಂದು ಯಂತ್ರ ಎದ್ದಿತು. ಪರದೆ ಬೆಳಗಿತು, ಅವರ ಲಗ್ನಪತ್ರಿಕೆಗಳೆಲ್ಲ ಸಾಲಾಗಿ ಬಂದವು. ಸರೋಜಮ್ಮ ಮೊಬೈಲನ್ನು ಕಣ್ಣಿಗೊತ್ತಿಕೊಂಡರು.

“ದಾವಣಗೆರೆಯಾಗೆ ಕುಂತು ಎಬ್ಬಿಸಿದ್ರಲ್ಲಣ್ಣ! ಕೈಗುಣ ಅಂದ್ರೆ ಇದು!”

ಆ ಕಡೆಯಿಂದ ದಾದಾಪೀರ್, “ಅಮ್ಮಾ, ಅಲ್ಲಿ ಕುಂತಿರೋನು ತಿಪ್ಪೇಶಿ ಅಲ್ವಾ? ಅವ್ನು ಮುಟ್ಟಿದ್ರೆ ಎದ್ದಂಗೇ ಲೆಕ್ಕ. ನಂದು ಬರೀ ಬಾಯ್ಮಾತು” ಅಂದ.

ಸರೋಜಮ್ಮ ನನ್ನ ಕಡೆ ತಿರುಗಿ, “ನೋಡಿದ್ರಾ, ಎಂಥಾ ದೊಡ್ಡ ಮನಸು ಅವ್ರದ್ದು!” ಅಂದರು.

ಇದೇ ನನಗೆ ತಡೆಯಲಾಗದಿದ್ದದ್ದು. ಅವನು ಕೆಟ್ಟವನಾಗಿದ್ದರೆ, ನನ್ನ ಕೆಲಸ ಕದಿಯುವವನಾಗಿದ್ದರೆ, ಒಂದು ಸಲ ಬೈದು ಹಗುರಾಗುತ್ತಿದ್ದೆ. ಅವನು ಹಂಚಿಕೊಟ್ಟರೂ ಅವನಿಗೇ ಹೆಚ್ಚಾಗುತ್ತಿತ್ತು. ಹೊರಡುವಾಗ ಸರೋಜಮ್ಮ ಹೋಳಿಗೆಯ ಡಬ್ಬಿ ಕೊಟ್ಟು, “ದಾದಾಪೀರಣ್ಣಂಗೆ ಕೊಡ್ರಿ, ನೀವೂ ಒಂದು ತಗಳ್ರಿ” ಅಂದರು. ಬಸ್ಸು ಚಿತ್ರದುರ್ಗ ಮುಟ್ಟುವಷ್ಟರಲ್ಲಿ ಡಬ್ಬಿ ಹಗುರವಾಗಿತ್ತು. ಮಾರನೆಯ ವಾರ ಅವನು ಅದನ್ನು ತೆರೆದು, ಉಳಿದಿದ್ದ ಒಂದು ಹೋಳಿಗೆಯಲ್ಲಿ ಅರ್ಧ ಮುರಿದು ನನಗೆ ಕೊಟ್ಟ.

ಆಮೇಲೆ ಇಬ್ಬರೂ ರಿಟೈರಾದೆವು. ನಾನು ಮದಕರಿಪುರದ ಮನೆಯಲ್ಲಿದ್ದೇನೆ. ಯಜಮಾನರು ಈ ಬರಹ ಕೇಳಿದ ಮೇಲೆ, ನಾನು ಹೊಳಲ್ಕೆರೆಯ ಹೋಳಿಗೆಯವರೆಗೆ ಬರೆದು ನಿಲ್ಲಿಸಿದ್ದಾಗ, ಒಂದು ಬೆಳಿಗ್ಗೆ ಮನೆ ಮುಂದೆ ಆಟೋ ನಿಂತಿತು. ದಾದಾಪೀರ್ ಇಳಿದ. ಜೊತೆಗೆ ಒಂದು ಹಳೆಯ ಕಂಪ್ಯೂಟರ್. ಅದನ್ನು ಆಟೋದವನೇ ಒಳಗೆ ತಂದಿಟ್ಟ.

“ನಮ್ಮನೇದೇ ಕಣಪ್ಪ. ಮೊಮ್ಮಗಳ ಓದಿಗೆ ಇರ್ಲಿ ಅಂತ ಹೊಸ ರ‍್ಯಾಮ್ ಹಾಕ್ದೆ. ಏಳಂಗಿಲ್ಲ” ಅಂದ.

“ನಿನ್ ಕೈಗೆ ಏಳಂಗಿಲ್ವಾ?” ಎಷ್ಟು ಸಲ ಕೇಳಿದರೂ ನನಗೆ ಸಾಲದು.

“ಸ್ವಂತ ಮನೇಲಿ ಕೈಗುಣ ನಡ್ಯಲ್ಲಲ್ಲಪ್ಪ. ಡಾಕ್ಟ್ರು ಹೆಂಡ್ತಿಗೆ ಸೂಜಿ ಚುಚ್ತಾರಾ?”

ನನ್ನ ಹೆಂಡತಿ ಗಂಗಮ್ಮನಿಗೆ ಅವನು ಬಂದದ್ದೇ ಹಬ್ಬ. ನಾನು ಕೇಳಿದರೆ ಮಾಡದ ಮಂಡಕ್ಕಿ ಒಗ್ಗರಣೆ ಅವನಿಗಾಗಿ ಒಲೆ ಏರಿತು. ಚಹಾ ತಂದು ಅವನ ಮುಂದಿಟ್ಟಳು. ಅವನು ಅದನ್ನು ಮುಟ್ಟದೆ, ಬಲಗೈಯನ್ನು ಜುಬ್ಬಾದ ಜೇಬಿನಲ್ಲಿಟ್ಟುಕೊಂಡೇ ಮಾತಾಡುತ್ತಿದ್ದ. ಚಹಾಕ್ಕೆ ಕೆನೆ ಕಟ್ಟಿತು.

ನಾನು ಮುಚ್ಚಳ ತೆಗೆದೆ. ನೋಡಿದ ಕೂಡಲೇ ಕಂಡಿತು. ರ‍್ಯಾಮ್ ಸ್ಲಾಟಿನ ಮೇಲೆ ಓರೆಯಾಗಿ ಕೂತಿತ್ತು. ಒಂದು ಬದಿಯ ಕ್ಲಿಪ್ಪು ಕಚ್ಚಿರಲೇ ಇಲ್ಲ, ಇನ್ನೊಂದು ಬದಿ ಅರ್ಧ. ಪಟ್ಟಿಯ ಪಕ್ಕ ಬೋರ್ಡಿನ ಮೇಲೆಲ್ಲ ಗೀರುಗಳು, ಕೈ ಜಾರಿ ಜಾರಿ ಬಿದ್ದವು. ಮೊದಲ ದಿನ ಸೇರಿದ ಹುಡುಗ ಮಾಡುವ ತಪ್ಪು. ನಾನು ತಿರುಗಿ ಅವನ ಜೇಬಿನ ಕಡೆ ನೋಡಿದೆ. ಬಟ್ಟೆಯ ಒಳಗೇ ಕೈ ನಡುಗುತ್ತಿತ್ತು.

ಬರೆಯಲು ಪುರುಸೊತ್ತಿಲ್ಲ ಎಂದದ್ದು ಯಾಕೆಂದು ಆಗ ಅರ್ಥವಾಯಿತು. ಜನ ಬಿಡುತ್ತಿಲ್ಲ ಎಂಬುದು ಸುಳ್ಳು. ಅವನೇ ಜನರನ್ನು ಬಿಟ್ಟಿದ್ದ.

“ಏನಾಗೈತೆ?” ಅಂದ, ನನ್ನ ಮುಖ ನೋಡದೆ.

“ಧೂಳು” ಎಂದೆ. ಅವನಿಗೆ ಕಾಣದಂತೆ ಬೆನ್ನು ಅಡ್ಡ ಮಾಡಿ, ರಬ್ಬರಿನಲ್ಲಿ ಉಜ್ಜುವ ಹಾಗೆ ಮಾಡಿ, ಪಟ್ಟಿಯನ್ನು ನೇರ ಕೂರಿಸಿ ಒತ್ತಿದೆ. ಟಕ್, ಟಕ್. ಎಷ್ಟು ಮೆಲ್ಲಗೆ ಒತ್ತಿದರೂ ಆ ಶಬ್ದ ಆಗದೆ ಇರುವುದಿಲ್ಲ. ಅದು ಅವನಿಗೂ ಕೇಳಿಸಿತು. ಆ ಶಬ್ದ ಯಾವಾಗ ಬರುತ್ತದೆ ಎಂಬುದನ್ನು ಅವನಿಗೆ ಹೇಳಿಕೊಡಬೇಕೆ?

“ಅನ್ನು ಮತ್ತೆ” ಎಂದೆ.

“ನೀನೇ ಅನ್ನಲೇ ತಿಪ್ಪೇಶಿ.”

ಹೊಸದುರ್ಗದ ಹೊಗೆ ನೆನಪಾಯಿತು. ಹಿಂದಿನ ಕೆಂಪು ಸ್ವಿಚ್ಚು ಎರಡು ಸಲ ನೋಡಿದೆ. ತಲೆ ಸವರಿ, “ಏಳವ್ವ ತಾಯಿ” ಎಂದು ಒತ್ತಿದೆ. ಎದ್ದಿತು.

ಗಂಗಮ್ಮ ಮಂಡಕ್ಕಿ ತಟ್ಟೆ ಹಿಡಿದು ಬಂದವಳು ಪರದೆ ನೋಡಿ, “ಬಂತಾ? ದಾದಾಪೀರಣ್ಣ, ನೀವು ಪಕ್ಕದಾಗೆ ಕುಂತ್ರೆ ಸಾಕು ನೋಡ್ರಿ! ಇವ್ರು ನಮ್ಮನೆ ಮಿಕ್ಸಿ ಬಿಚ್ಚಿಟ್ಟು ಎಷ್ಟು ದಿನಾತು, ಅದಕ್ಕೂ ಒಂದ್ಸಲ ಕೈ ಹಾಕಿ ಹೋಗ್ರಿ. ನಿಮ್ಮ ಕೈಗುಣ ಅಂದ್ರೆ ಕೈಗುಣ” ಅಂದಳು.

ದಾದಾಪೀರ್ ಬಾಯಿ ತೆರೆದ. ಹಿರಿಯೂರಿನಲ್ಲಿ ಹೇಳಿದ ಹಾಗೆ, ಹೊಳಲ್ಕೆರೆಗೆ ಫೋನಿನಲ್ಲಿ ಹೇಳಿದ ಹಾಗೆ, ಕೆಲಸ ಮಾಡಿದ್ದು ಇವನು ಎಂದು ಹೇಳಲು ಹೊರಟಿದ್ದ. ಹೇಳಿದರೆ ಗಂಗಮ್ಮ ನೀವ್ಯಾಕೆ ಮಾಡಲಿಲ್ಲ ಎಂದು ಕೇಳುತ್ತಾಳೆ, ಅವನು ಕೈ ತೋರಿಸಬೇಕಾಗುತ್ತದೆ.

“ಹೌದು ಕಣೇ” ಎಂದೆ ನಾನೇ ಮುಂದಾಗಿ. “ಅವ್ನ ಕೈಗುಣ.”

ನಾನು ಆ ಮಾತನ್ನು ಅವನಿಗೆ ಕೊಟ್ಟದ್ದು ಅದೇ ಮೊದಲು. ಕೊಡುವಾಗ ಹೊಟ್ಟೆ ಎಂದಿನಂತೆ ಉರಿಯಿತು. ಗಂಗಮ್ಮ ಒಳಗೆ ಹೋದ ಮೇಲೆ ಅವನು ಜೇಬಿನಿಂದ ಕೈ ತೆಗೆದ. ನಾನು ಚಹಾದ ಲೋಟವನ್ನು ಅವನ ಎರಡೂ ಅಂಗೈ ನಡುವೆ ಇಟ್ಟು, ಕೆಳಗಿನಿಂದ ಹಿಡಿದುಕೊಂಡೆ. ಅವನು ತಣ್ಣಗಾದ ಚಹಾ ಕುಡಿದ.

ಬರೆದದ್ದನ್ನೆಲ್ಲ ಅವನಿಗೆ ಓದಿ ಹೇಳಿದೆ. ಹೊಟ್ಟೆಕಿಚ್ಚಿನ ಕಡೆಯೆಲ್ಲ ಜೋರಾಗಿ ನಕ್ಕ, ಹೋಳಿಗೆಯ ಕಡೆ “ಗೊತ್ತಿತ್ತು ಬಿಡಲೇ” ಅಂದ. ಇವತ್ತಿನದನ್ನೂ ಬರೆಯಲೇ, ಬೇಡವೇ ಎಂದು ಕೇಳಿದೆ. ತನ್ನ ಕೈಯನ್ನೊಮ್ಮೆ ನೋಡಿಕೊಂಡ.

“ಬರಿ. ಎಷ್ಟು ದಿನ ಅಂತ ಜೇಬಿನಾಗೆ ಇಟ್ಕಳ್ಲಿ? ಹೊಸ ಹುಡುಗ್ರಿಗೆ ಹೇಳು, ಕೈಗುಣ ಅನ್ನೋದು ಕೈಯಾಗೆ ಇರಲ್ಲ, ಆ ಕೈ ಹಿಡಿಯೋರ ಹತ್ರ ಇರ್ತೈತೆ ಅಂತ.”

ನೋಡಿದಿರಾ? ಇಷ್ಟು ಪುಟ ಕೂತು ಬರೆದವನು ನಾನು. ಓದಿದವರು ನಾಳೆ ಹೇಳಿಕೊಂಡು ತಿರುಗುವ ಮಾತು ಮಾತ್ರ ಅವನದು.